ಸಂವಿಧಾನವನ್ನು ಹಿಂದಿನ ಪುಟದಿಂದ ಓದಿ ನೋಡಿ

ಪ್ರಶ್ನೆ: ಮೇಡಂ, 2011ರ ಫೆಬ್ರವರಿಯಲ್ಲಿ ಈಜಿಪ್ಟಿನ ಅಧ್ಯಕ್ಷ ಮುಬಾರಕ್ ಕೆಳಗಿಳಿದಾಗ ನಾನು ಡಿಗ್ರಿ ಓದುತ್ತಿದ್ದೆ. ಕೈರೋದ ತಹ್ರೀರ್ ಚೌಕದಲ್ಲಿ ಜನ ಟ್ಯಾಂಕ್ ಹತ್ತಿ ಸೈನಿಕರ ಜೊತೆ ಫೋಟೊ ತೆಗೆಸಿಕೊಳ್ಳುತ್ತಿದ್ದರು. ‘ಸೇನೆ, ಜನ ಒಂದೇ ಕೈ’ ಅಂತ ಕೂಗುತ್ತಿದ್ದರು. ಟಿವಿ ನೋಡುತ್ತಾ ನನಗೂ ಕಣ್ಣು ತುಂಬಿತ್ತು. ಆರು ತಿಂಗಳಲ್ಲಿ ಚುನಾವಣೆ ಮಾಡಿಸಿ ಹೊರಡುತ್ತೇವೆ ಅಂತ ಸೇನೆ ಹೇಳಿತ್ತು. ಈಗ ನೋಡಿದರೆ ಮಾಜಿ ಜನರಲ್ಲೇ ಅಧ್ಯಕ್ಷರು. ಈ ವಿಷಯ ಬಂದರೆ ನಮ್ಮ ಮನೆಯಲ್ಲಿ ಜಗಳವೇ ಆಗುತ್ತೆ. ‘ಪೋರ್ಚುಗಲ್‌ನಲ್ಲಿ ಪ್ರಜಾಪ್ರಭುತ್ವ ತಂದಿದ್ದೇ ಸೇನೆ, ಶಿಸ್ತಿರೋರು ಬರೆಸಿದರೆ ಸಂವಿಧಾನವೂ ಶಿಸ್ತಾಗಿರುತ್ತೆ’ ಅಂತಾರೆ ನಮ್ಮ ಭಾವ. ‘ಬಂದೂಕು ಹಿಡಿದವರ ಕೈಗೆ ಪೆನ್ನೂ ಕೊಟ್ಟರೆ ಮುಗೀತು ಕಥೆ’ ಅಂತಾಳೆ ತಂಗಿ. ಯಾರು ಸರಿ? ಜನಮತಗಣನೆಯಲ್ಲಿ ಶೇ 90ರಷ್ಟು ಜನ ಒಪ್ಪಿದ ಮೇಲೂ ಅದನ್ನು ಸೇನೆಯ ಸಂವಿಧಾನ ಅನ್ನೋದು ನ್ಯಾಯವಾ? ಸೇನೆಯನ್ನು ಪೂರ್ತಿ ಹೊರಗಿಡೋಕೆ ಆಗುತ್ತಾ? ಅವರು ತಮಗೆ ಬೇಕಾದ್ದನ್ನು ಒಮ್ಮೆ ಬರೆದುಕೊಂಡುಬಿಟ್ಟರೆ ಅದು ಶಾಶ್ವತವಾ?

ಉತ್ತರ: ಇಬ್ಬರೂ ಸರಿ ಅಂದುಬಿಟ್ಟರೆ ನಾನು ಜಾರಿಕೊಂಡ ಹಾಗೆ ಆಗುತ್ತದೆ. ನೇರವಾಗಿ ಹೇಳುತ್ತೇನೆ, ನಿಮ್ಮ ತಂಗಿ ಜಾಸ್ತಿ ಸರಿ. ಆದರೆ ಭಾವ ಹೇಳಿದ ಪೋರ್ಚುಗಲ್ ಕಥೆಯೂ ಸುಳ್ಳಲ್ಲ. ಅಲ್ಲಿ ಯಾಕೆ ಆಯಿತು, ಈಜಿಪ್ಟಿನಲ್ಲಿ ಯಾಕೆ ಆಗಲಿಲ್ಲ ಅನ್ನುವುದರಲ್ಲೇ ನಿಮ್ಮ ಅರ್ಧ ಪ್ರಶ್ನೆಗೆ ಉತ್ತರ ಇದೆ.

ಮೊದಲು ನನ್ನ ತರಗತಿಯ ಒಂದು ಆಟ ಹೇಳಿಬಿಡುತ್ತೇನೆ. ನಾನು ಬೇರೆ ಬೇರೆ ದೇಶದ ಸಂವಿಧಾನಗಳನ್ನು ಹೋಲಿಸಿ ಪಾಠ ಮಾಡುವವಳು. ವರ್ಷದ ಮೊದಲ ವಾರ ನಾಲ್ಕೈದು ಸಂವಿಧಾನಗಳ ಪೀಠಿಕೆ ಕೊಟ್ಟು, ದೇಶದ ಹೆಸರಿನ ಮೇಲೆ ಕಾಗದ ಅಂಟಿಸಿ, ಇದರಲ್ಲಿ ಯಾವುದನ್ನು ಸೇನೆ ಬರೆಸಿದ್ದು ಅಂತ ಕೇಳುತ್ತೇನೆ. ಒಬ್ಬರಿಗೂ ಗೊತ್ತಾಗುವುದಿಲ್ಲ. ಎಲ್ಲದರಲ್ಲೂ ಜನ, ಸ್ವಾತಂತ್ರ್ಯ, ಘನತೆ, ಸಮಾನತೆ. ಆಮೇಲೆ ಅವೇ ಸಂವಿಧಾನಗಳ ಕೊನೆಯ ಐದಾರು ಪುಟ ಕೊಡುತ್ತೇನೆ. ಹಳೆಯ ವ್ಯವಸ್ಥೆಯಿಂದ ಹೊಸದಕ್ಕೆ ದಾಟುವ ಹೊತ್ತಿಗೆ ಅಂತ ಬರೆದ ತಾತ್ಕಾಲಿಕ ವಿಧಿಗಳು ಇರುವ ಪುಟಗಳು, ಸಾಮಾನ್ಯವಾಗಿ ಯಾರೂ ಓದದ ಪುಟಗಳು. ಹತ್ತು ನಿಮಿಷದಲ್ಲಿ ಎಲ್ಲರೂ ಸರಿಯಾಗಿ ಹೇಳುತ್ತಾರೆ.

ಯಾಕೆ ಅಂದರೆ ಸೇನೆಗೆ ಬೇಕಾದ್ದು ಅಲ್ಲೇ ಕೂತಿರುತ್ತದೆ. ಟರ್ಕಿಯ 1982ರ ಸಂವಿಧಾನದ ತಾತ್ಕಾಲಿಕ ವಿಧಿ 15, ಕ್ಷಿಪ್ರಕ್ರಾಂತಿ ಮಾಡಿದ ಜನರಲ್‌ಗಳ ಮೇಲೆ ಯಾರೂ ಕೇಸು ಹಾಕುವ ಹಾಗಿಲ್ಲ ಅಂದಿತು. ಮ್ಯಾನ್ಮಾರ್‌ನ 2008ರ ಸಂವಿಧಾನದ ವಿಧಿ 445 ಹೇಳುವುದೂ ಅದನ್ನೇ. ಥಾಯ್ಲೆಂಡಿನ 2017ರ ಸಂವಿಧಾನದಲ್ಲಿ ಒಟ್ಟು 279 ವಿಧಿ, ಕಟ್ಟಕಡೆಯ 279ನೆಯದು ಸೇನಾ ಮಂಡಳಿ ಹೊರಡಿಸಿದ ಆದೇಶಗಳೆಲ್ಲ ಕಾನೂನುಬದ್ಧ ಅನ್ನುತ್ತದೆ. ಚಿಲಿಯ 1980ರ ಸಂವಿಧಾನದ ತಾತ್ಕಾಲಿಕ ಭಾಗ ಸರ್ವಾಧಿಕಾರಿ ಜನರಲ್ ಪಿನೊಚೆಗೆ ಇನ್ನೂ ಎಂಟು ವರ್ಷ ಕುರ್ಚಿ ಕೊಟ್ಟಿತು. ಈಜಿಪ್ಟಿನ 2014ರ ಸಂವಿಧಾನದ ವಿಧಿ 234ರ ಪ್ರಕಾರ ರಕ್ಷಣಾ ಸಚಿವರ ನೇಮಕಕ್ಕೆ ಸೇನೆಯ ಸರ್ವೋಚ್ಚ ಮಂಡಳಿ ಒಪ್ಪಬೇಕು. ಎರಡು ಅಧ್ಯಕ್ಷಾವಧಿಗೆ ಮಾತ್ರ ಅಂತ ಬರೆದಿದ್ದರು, 2019ರ ತಿದ್ದುಪಡಿಯಲ್ಲಿ ಆ ‘ಮಾತ್ರ’ ಹೋಯಿತು.

ಈಗ ಜನಮತಗಣನೆಯ ಶೇಕಡಾ ಲೆಕ್ಕ. ಇದನ್ನು ನೋಡಿ ಮೋಸ ಹೋಗುವವರೇ ಜಾಸ್ತಿ. 1982ರ ನವೆಂಬರ್‌ನಲ್ಲಿ ಟರ್ಕಿಯ ಜನ ಮತ ಹಾಕಿದಾಗ ‘ಹೌದು’ ಚೀಟಿ ಬಿಳಿ, ‘ಬೇಡ’ ಚೀಟಿ ನೀಲಿ. ಹಾಕಲು ಕೊಟ್ಟ ಲಕೋಟೆ ಎಷ್ಟು ತೆಳು ಅಂದರೆ ಒಳಗಿನ ನೀಲಿ ಹೊರಗೆ ಕಾಣುತ್ತಿತ್ತು. ಪೆಟ್ಟಿಗೆಯ ಪಕ್ಕ ಸಮವಸ್ತ್ರದವರು ನಿಂತಿದ್ದಾಗ ನೀವಾದರೆ ಯಾವ ಬಣ್ಣ ಹಾಕುತ್ತಿದ್ದಿರಿ? ಶೇ 91 ಜನ ಬಿಳಿ ಹಾಕಿದರು. ಅದೇ ಮತದಿಂದ ಕ್ಷಿಪ್ರಕ್ರಾಂತಿಯ ನಾಯಕ ಜನರಲ್ ಕೆನಾನ್ ಎವ್ರೆನ್ ಅಧ್ಯಕ್ಷರೂ ಆದರು, ಅವರಿಗೆ ಅಂತ ಬೇರೆ ಚುನಾವಣೆ ನಡೆಯಲೇ ಇಲ್ಲ.

ಮ್ಯಾನ್ಮಾರ್ ಇನ್ನೂ ಕಷ್ಟದ ಕಥೆ. 2008ರ ಮೇ ಮೊದಲ ವಾರದಲ್ಲಿ ನರ್ಗಿಸ್ ಚಂಡಮಾರುತ ಇರಾವತಿ ನದಿಮುಖಜ ಪ್ರದೇಶವನ್ನು ತೊಳೆದು ಹಾಕಿತು. ಸಾವಿರಾರು ಹೆಣಗಳು ಇನ್ನೂ ನೀರಿನಲ್ಲಿದ್ದವು. ಮೇ 10ಕ್ಕೆ ಜನಮತಗಣನೆ ಮಾಡಿಯೇ ಮಾಡಿದರು. ಜಾಸ್ತಿ ಹೊಡೆತ ಬಿದ್ದ ಕಡೆ ಮಾತ್ರ ಎರಡು ವಾರ ಮುಂದೆ ಹಾಕಿದರು, ಅಷ್ಟೇ. ಶೇ 92ಕ್ಕಿಂತ ಜಾಸ್ತಿ ಜನ ಒಪ್ಪಿದರು ಅಂತ ಘೋಷಣೆಯಾಯಿತು.

ಥಾಯ್ಲೆಂಡಿನವರು ಸ್ವಲ್ಪ ನಾಜೂಕು. 2016ರ ಆಗಸ್ಟ್ 7ರಂದು ಮತ ನಡೆಯಿತು, ಶೇ 61 ಒಪ್ಪಿಗೆ. ಸಂಖ್ಯೆ ನೋಡಿದರೆ ಪ್ರಾಮಾಣಿಕವಾಗಿಯೇ ಕಾಣುತ್ತದೆ. ಆದರೆ ಕರಡಿನ ಬಗ್ಗೆ ತಪ್ಪು ಮಾಹಿತಿ ಕೊಟ್ಟರೆ, ಒರಟಾಗಿ ಮಾತಾಡಿದರೆ ಹತ್ತು ವರ್ಷದವರೆಗೆ ಜೈಲು ಅನ್ನುವ ಕಾನೂನು ಮಾಡಿ, ‘ಬೇಡ’ ಅಂತ ಕರಪತ್ರ ಹಂಚಿದ ಹುಡುಗರನ್ನು ಹಿಡಿದಿದ್ದರು. ಚೀಟಿಯಲ್ಲಿ ಎರಡನೆಯ ಪ್ರಶ್ನೆಯೂ ಇತ್ತು. ಉದ್ದುದ್ದ ವಾಕ್ಯ. ದೇಶದ ಸುಧಾರಣೆ ಮುಂದುವರಿಯಲು ಮೊದಲ ಐದು ವರ್ಷ ಸಂಸತ್ತಿನ ಜಂಟಿ ಸಭೆ ಪ್ರಧಾನಿಯನ್ನು ಒಪ್ಪಬಹುದೇ ಅನ್ನುವಂಥದ್ದು. ಆ ಜಂಟಿ ಸಭೆಯಲ್ಲಿ ಸೇನಾ ಮಂಡಳಿ ಆರಿಸಿದ 250 ಸೆನೆಟರ್‌ಗಳು ಕೂತಿರುತ್ತಾರೆ ಅನ್ನುವ ಮಾತು ಪ್ರಶ್ನೆಯಲ್ಲಿ ಎಲ್ಲೂ ಇಲ್ಲ. ಜನ ‘ಹೌದು’ ಅಂದರು. 2023ರಲ್ಲಿ ಮೂವ್ ಫಾರ್ವರ್ಡ್ ಪಕ್ಷ 151 ಸ್ಥಾನ ಗೆದ್ದು ಮೊದಲ ಸ್ಥಾನಕ್ಕೆ ಬಂತು, ಕೆಳಮನೆಯಲ್ಲಿ ಬಹುಮತದ ಮೈತ್ರಿಯನ್ನೂ ಕಟ್ಟಿತು. ಪ್ರಧಾನಿ ಆಯ್ಕೆಯ ದಿನ ಅದರ ನಾಯಕ ಪಿಟಾ ಅವರಿಗೆ ಸಿಕ್ಕಿದ್ದು 324 ಮತ, ಬೇಕಿದ್ದದ್ದು 375. ಕೈಹಿಡಿದ ಸೆನೆಟರ್‌ಗಳು ಬರೀ 13 ಮಂದಿ. ಏಳು ವರ್ಷದ ಹಿಂದಿನ ಆ ಉದ್ದ ವಾಕ್ಯ ಅವತ್ತು ಕೆಲಸ ಮಾಡಿತು.

ಹಾಗಾಗಿ ಎಷ್ಟು ಶೇಕಡಾ ಅಂತ ಕೇಳಬೇಡಿ. ‘ಬೇಡ’ ಅನ್ನುವವನು ಬೀದಿಯಲ್ಲಿ ನಿಂತು ಹೇಳಬಹುದಿತ್ತಾ, ‘ಬೇಡ’ ಗೆದ್ದಿದ್ದರೆ ಮುಂದೇನು ಅಂತ ಮೊದಲೇ ತಿಳಿಸಿದ್ದರಾ, ಇವೆರಡು ಕೇಳಿ ಸಾಕು.

ಸೇನೆಗೆ ಇಷ್ಟೆಲ್ಲ ಯಾಕೆ ಬೇಕು? ಅಧಿಕಾರದ ಹುಚ್ಚು ಅಂದುಬಿಡುವುದು ಸುಲಭ. ನನಗೆ ಕಂಡಹಾಗೆ ಬಹಳಷ್ಟು ಜನರಲ್‌ಗಳಿಗೆ ದಿನನಿತ್ಯದ ಆಡಳಿತ ಅಂದರೆ ತಲೆನೋವು. ಕರೆಂಟ್ ಯಾಕೆ ಹೋಯಿತು, ಬೆಲೆ ಯಾಕೆ ಏರಿತು ಅಂತ ಜನ ಕೇಳುವುದು ಅವರಿಗೆ ಬೇಡ. ಬೇಕಾದ್ದು ಮೂರು ನಾಲ್ಕು ವಿಷಯ. ಬಜೆಟ್ ಯಾರೂ ಕೆದಕಬಾರದು, ಬಡ್ತಿ ಮತ್ತು ನೇಮಕ ತಮ್ಮ ಕೈಯಲ್ಲೇ ಇರಬೇಕು, ಹಿಂದೆ ಮಾಡಿದ್ದಕ್ಕೆ ಕೋರ್ಟು ಕರೆಯಬಾರದು, ತಮ್ಮ ವ್ಯಾಪಾರ ನಡೆಯುತ್ತಿರಬೇಕು. ವ್ಯಾಪಾರ ಅಂದರೆ ನಿಜವಾಗಿ ವ್ಯಾಪಾರ. ಈಜಿಪ್ಟಿನ ಸೇನೆ ಪಾಸ್ತಾ ಮಾಡುತ್ತದೆ, ನೀರಿನ ಬಾಟಲಿ ಮಾರುತ್ತದೆ, ಸಿಮೆಂಟ್ ತಯಾರಿಸುತ್ತದೆ, ಪೆಟ್ರೋಲ್ ಬಂಕ್ ನಡೆಸುತ್ತದೆ. ಚಿಲಿಯಲ್ಲಿ ಸರ್ಕಾರಿ ತಾಮ್ರ ಕಂಪನಿ ಕೊಡೆಲ್ಕೊದ ಆದಾಯದ ಶೇ 10 ನೇರ ಸೇನೆಯ ಶಸ್ತ್ರ ಖರೀದಿಗೆ ಹೋಗಬೇಕು ಅನ್ನುವ ಕಾನೂನು 2019ರವರೆಗೆ ಇತ್ತು. ಇದನ್ನೆಲ್ಲ ಬಿಟ್ಟು ಬ್ಯಾರಕ್‌ಗೆ ಹೋಗಿ ಅಂದರೆ ಸುಮ್ನೆ ಹೋಗುತ್ತಾರಾ?

ಆದರೆ ಇಲ್ಲಿ ಎಲ್ಲ ತಪ್ಪನ್ನೂ ಸೇನೆಯ ತಲೆಗೆ ಕಟ್ಟುವುದು ನನಗೆ ಸರಿಕಾಣುವುದಿಲ್ಲ. ನೀವು ಟಿವಿಯಲ್ಲಿ ಕಣ್ಣಾರೆ ಕಂಡ ಈಜಿಪ್ಟನ್ನೇ ತೆಗೆದುಕೊಳ್ಳಿ. ಮುಬಾರಕ್ ಹೋದ ಮೇಲೆ ಸೇನೆ ಹಳೆಯ ಸಂವಿಧಾನ ಅಮಾನತು ಮಾಡಿತು, ಸಂಸತ್ತು ವಿಸರ್ಜಿಸಿತು. ಮಾರ್ಚ್ 19ಕ್ಕೆ ಕೆಲವು ತಿದ್ದುಪಡಿಗಳ ಬಗ್ಗೆ ಜನಮತಗಣನೆ. ಮೊದಲು ಚುನಾವಣೆಯೋ, ಮೊದಲು ಸಂವಿಧಾನವೋ ಅನ್ನುವುದು ಜಗಳ. ಸಂಘಟನೆ ಗಟ್ಟಿ ಇದ್ದ ಇಸ್ಲಾಮಿಕ್ ರಾಜಕೀಯ ಗುಂಪು ಮುಸ್ಲಿಂ ಬ್ರದರ್‌ಹುಡ್‌ಗೆ ಮೊದಲು ಚುನಾವಣೆ ಆದರೆ ಲಾಭ, ಅದಕ್ಕೆ ಅವರು ಸೇನೆಯ ದಾರಿಗೆ ಜೈ ಅಂದರು. ಲಿಬರಲ್ ಪಕ್ಷಗಳಿಗೆ ಹೆದರಿಕೆ, ಅವರು ಬೇಡ ಅಂದರು. ಶೇ 77 ‘ಹೌದು’ ಬಂತು. ಅದೇ ವರ್ಷ ನವೆಂಬರ್ ಹೊತ್ತಿಗೆ ಸೇನೆಯ ಬಜೆಟ್ಟನ್ನು ಬೇರೆ ಯಾರೂ ನೋಡುವ ಹಾಗಿಲ್ಲ ಅನ್ನುವ ಒಂದು ಕರಡನ್ನು ಉಪಪ್ರಧಾನಿಯೊಬ್ಬರು ಮುಂದಿಟ್ಟರು. ಈ ಸಲ ಬ್ರದರ್‌ಹುಡ್ ಬೀದಿಗಿಳಿಯಿತು. ಬ್ರದರ್‌ಹುಡ್ ಸಂವಿಧಾನ ಬರೆಯುವುದಕ್ಕಿಂತ ಸೇನೆಯ ಕಾವಲು ವಾಸಿ ಅಂತ ಕೆಲವು ಲಿಬರಲ್‌ಗಳು ಒಳಗೊಳಗೇ ಲೆಕ್ಕ ಹಾಕಿದರು.

2012ರ ಜೂನ್ 17, ಅಧ್ಯಕ್ಷ ಚುನಾವಣೆಯ ಎರಡನೆಯ ಸುತ್ತಿನ ಕೊನೆಯ ದಿನ. ಮತಪೆಟ್ಟಿಗೆ ಮುಚ್ಚುತ್ತಿದ್ದ ಹಾಗೇ ಸೇನೆ ಒಂದು ಘೋಷಣೆ ಹೊರಡಿಸಿ ಹೊಸ ಅಧ್ಯಕ್ಷನ ಅಧಿಕಾರವನ್ನು ಕತ್ತರಿಸಿಟ್ಟಿತು. ಮನೆ ಕೀಲಿ ಕೊಡುವ ಮುಂಚೆ ಒಳಗಿನ ಸಾಮಾನೆಲ್ಲ ಸಾಗಿಸಿದ ಹಾಗೆ. ಗೆದ್ದ ಬ್ರದರ್‌ಹುಡ್‌ನ ಮುರ್ಸಿ ಆಗಸ್ಟ್‌ನಲ್ಲಿ ಹಿರಿಯ ಜನರಲ್‌ಗಳನ್ನು ಮನೆಗೆ ಕಳಿಸಿ, ರಕ್ಷಣಾ ಸಚಿವರಾಗಿ ಅಬ್ದೆಲ್ ಫತ್ತಾಹ್ ಅಲ್-ಸಿಸಿಯನ್ನು ತಂದಾಗ, ಓಹೋ ಸೇನೆ ಬಗ್ಗಿತು ಅಂತ ಎಲ್ಲರೂ ಬರೆದರು. ಡಿಸೆಂಬರ್‌ನಲ್ಲಿ ಅವರ ಕಡೆಯವರೇ ಬಹುಮತದಲ್ಲಿದ್ದ ಸಭೆ ಬರೆದ ಸಂವಿಧಾನ ಬಂತು. ನಾನು ಎಂದಿನಂತೆ ಹಿಂದಿನ ಪುಟದಿಂದ ಶುರು ಮಾಡಿದೆ. ರಕ್ಷಣಾ ಸಚಿವ ಸೇನಾಧಿಕಾರಿಯೇ ಆಗಿರಬೇಕು, ವಿಧಿ 195. ಬಜೆಟ್ ಚರ್ಚೆ ಒಂದು ಪ್ರತ್ಯೇಕ ರಕ್ಷಣಾ ಮಂಡಳಿಯಲ್ಲಿ, ವಿಧಿ 197. ಸೇನೆಗೆ ಹಾನಿ ಮಾಡುವ ಅಪರಾಧಕ್ಕೆ ನಾಗರಿಕರನ್ನೂ ಮಿಲಿಟರಿ ಕೋರ್ಟಿಗೆ ಎಳೆಯಬಹುದು, ವಿಧಿ 198. ಒಂದು ವರ್ಷದ ಹಿಂದೆ ಇವುಗಳ ವಿರುದ್ಧ ಬೀದಿಗಿಳಿದಿದ್ದವರೇ ಈಗ ಕೂತು ಇವನ್ನು ಬರೆದಿದ್ದರು! ಮುಂದಿನ ಜುಲೈ 3ರಂದು ಅದೇ ಸಿಸಿ ಮುರ್ಸಿಯನ್ನು ಇಳಿಸಿದಾಗ ಲಿಬರಲ್ ನಾಯಕರು ಪಕ್ಕದಲ್ಲಿ ಕೂತಿದ್ದರು. ಮುಂದಿನ ಸಂವಿಧಾನವನ್ನು 50 ಜನರ ಸಮಿತಿ ತಯಾರಿಸಿತು. 2014ರ ಜನವರಿಯಲ್ಲಿ ಶೇ 98 ಒಪ್ಪಿಗೆ, ಮತ ಹಾಕಿದವರು ಶೇ 39ಕ್ಕೂ ಕಡಿಮೆ.

ಅಂದರೆ ಎರಡು ಗುಂಪಿನವರೂ ಸರದಿಯ ಮೇಲೆ ಸೇನೆಯ ಬಾಗಿಲು ತಟ್ಟಿದರು. ಪ್ರತಿ ಸಲ ಬಾಗಿಲು ತೆರೆದಾಗಲೂ ಒಂದೊಂದು ವಿಧಿ ಕಪ್ಪವಾಗಿ ಕೊಟ್ಟರು. ಇಬ್ಬರ ಜಗಳದಲ್ಲಿ ಮೂರನೆಯವನಿಗೆ ಲಾಭ ಅನ್ನುವುದು ಹಳೆಯ ಗಾದೆ, ಇಲ್ಲಿ ಆ ಮೂರನೆಯವನ ಹತ್ತಿರ ಟ್ಯಾಂಕೂ ಇತ್ತು.

ಈಗ ನಿಮ್ಮ ಭಾವನ ಪೋರ್ಚುಗಲ್. 1974ರ ಏಪ್ರಿಲ್ 25ರಂದು ದಂಗೆ ಎದ್ದವರು ಜನರಲ್‌ಗಳಲ್ಲ, ಕ್ಯಾಪ್ಟನ್, ಮೇಜರ್ ಮಟ್ಟದವರು. ಅಂಗೋಲ, ಗಿನಿ-ಬಿಸ್ಸಾವ್, ಮೊಜಾಂಬಿಕ್‌ಗಳಲ್ಲಿ 13 ವರ್ಷ ಗೆಲ್ಲಲಾಗದ ಯುದ್ಧ ಮಾಡಿ ಸಾಕಾಗಿದ್ದವರು. ಲಿಸ್ಬನ್‌ನಲ್ಲಿ ಜನ ಅವರ ಬಂದೂಕಿನ ನಳಿಗೆಗೆ ಕಾರ್ನೇಷನ್ ಹೂವು ಸಿಕ್ಕಿಸಿದ ಚಿತ್ರ ಎಲ್ಲರೂ ನೋಡಿರುತ್ತೀರಿ. ಒಂದು ವರ್ಷದಲ್ಲಿ ಚುನಾವಣೆ ಅಂದಿದ್ದರು, ಸರಿಯಾಗಿ 1975ರ ಏಪ್ರಿಲ್ 25ಕ್ಕೆ ಸಂವಿಧಾನ ಸಭೆಗೆ ಚುನಾವಣೆ ನಡೆಯಿತು. ಸೇನಾ ಚಳವಳಿಯವರು ಅಷ್ಟರಲ್ಲಿ ಮನಸ್ಸು ಬದಲಿಸಿ, ಪಕ್ಷಗಳು ಬೇಡ ಅನ್ನುವವರು ಖಾಲಿ ಚೀಟಿ ಹಾಕಿ ಅಂತಲೂ ಹೇಳಿದ್ದರು. ಮತ ಹಾಕಿದವರು ಶೇ 91ಕ್ಕೂ ಮಿಕ್ಕಿ. ಖಾಲಿ ಮತ್ತು ಕುಲಗೆಟ್ಟ ಚೀಟಿ ಎರಡೂ ಸೇರಿ ಶೇ 7ರ ಆಸುಪಾಸು. ಆವತ್ತಿನಿಂದ ಪಕ್ಷಗಳ ಬೆನ್ನ ಹಿಂದೆ ಜನ ಇದ್ದಾರೆ ಅಂತ ಸೇನೆಗೂ ಗೊತ್ತಾಯಿತು. ನನ್ನ ಪ್ರಕಾರ ಪೋರ್ಚುಗಲ್ ಬದುಕಿದ್ದು ಆ ಸಂಖ್ಯೆಯಿಂದ, ಹೂವಿನಿಂದಲ್ಲ.

ಅದೂ ಸಲೀಸಾಗಿ ಆಗಲಿಲ್ಲ ನೋಡಿ. ನವೆಂಬರ್‌ನಲ್ಲಿ ಕಟ್ಟಡ ಕಾರ್ಮಿಕರು ಸಭೆಯ ಕಟ್ಟಡಕ್ಕೆ ಮುತ್ತಿಗೆ ಹಾಕಿ ಸದಸ್ಯರನ್ನು ಒಂದು ದಿನಕ್ಕೂ ಹೆಚ್ಚು ಒಳಗೇ ಕೂಡಿಹಾಕಿದರು. ಅದೇ ತಿಂಗಳು 25ಕ್ಕೆ ಇನ್ನೊಂದು ಸೇನಾ ದಂಗೆಯ ಪ್ರಯತ್ನ. ಪಕ್ಷಗಳು ಸೇನೆಯ ಜೊತೆ ಒಪ್ಪಂದಕ್ಕೆ ಸಹಿ ಹಾಕಬೇಕಾಯಿತು. 1976ರ ಸಂವಿಧಾನದಲ್ಲಿ ಸೇನಾಧಿಕಾರಿಗಳ ಕ್ರಾಂತಿ ಮಂಡಳಿ ಕಾನೂನುಗಳನ್ನು ತಡೆಯುವ ಅಧಿಕಾರ ಇಟ್ಟುಕೊಂಡಿತು. 1982ರ ತಿದ್ದುಪಡಿಯಲ್ಲಿ ಅದು ಹೋಯಿತು. ಭಾವನಿಗೆ ಇನ್ನೊಂದು ಮಾತು ಹೇಳಿ: 1974ರಲ್ಲಿ ಬಿದ್ದ ಆ ಸರ್ವಾಧಿಕಾರಕ್ಕೆ ದಾರಿ ಮಾಡಿಕೊಟ್ಟಿದ್ದೂ 1926ರ ಒಂದು ಸೇನಾ ದಂಗೆಯೇ. 1933ರಲ್ಲಿ ಆ ಆಡಳಿತ ತನ್ನ ಸಂವಿಧಾನಕ್ಕೆ ಜನಮತಗಣನೆ ಮಾಡಿದಾಗ ಮತ ಹಾಕದವರನ್ನೂ ‘ಹೌದು’ ಅಂತಲೇ ಎಣಿಸಿತು.

ಹಾಗಾದರೆ ಸೇನೆಯನ್ನು ಪೂರ್ತಿ ಹೊರಗಿಡಬಹುದಾ? ಅದು ಸೋತು ಮರ್ಯಾದೆ ಕಳೆದುಕೊಂಡಿದ್ದರೆ ಮಾತ್ರ. ಅರ್ಜೆಂಟೀನಾದ ಸೇನೆ 1982ರಲ್ಲಿ ಫಾಕ್‌ಲ್ಯಾಂಡ್ ಯುದ್ಧ ಸೋತಿತು, ಮರುವರ್ಷ ಚುನಾವಣೆ ಕೊಟ್ಟು ಹೊರಟಿತು. ಹೋಗುವ ಮುಂಚೆ ತನಗೆ ತಾನೇ ಕ್ಷಮಾದಾನದ ಕಾನೂನು ಬರೆದುಕೊಂಡಿತ್ತು, ಹೊಸ ಸಂಸತ್ತು ಅದನ್ನು ರದ್ದು ಮಾಡಿತು. 1985ರಲ್ಲಿ ಸೇನಾಡಳಿತದ ಮುಖ್ಯಸ್ಥನಾಗಿದ್ದ ಜನರಲ್ ವಿಡೆಲಾಗೆ ಜೀವಾವಧಿ ಶಿಕ್ಷೆ. ಕೇಳಲು ಖುಷಿ, ಅಲ್ವಾ? ಆದರೆ 1987ರಲ್ಲಿ ಕಿರಿಯ ಅಧಿಕಾರಿಗಳು ಬಂಡೆದ್ದರು, ಮೇಲಿನವರ ಆದೇಶ ಪಾಲಿಸಿದವರ ಮೇಲೆ ಕೇಸು ಇಲ್ಲ ಅಂತ ಸರ್ಕಾರವೇ ಕಾನೂನು ಮಾಡಬೇಕಾಯಿತು. ಆ ಕಾನೂನು ತೆಗೆದುಹಾಕಲು ಮತ್ತೆ ಹದಿನೈದಕ್ಕೂ ಹೆಚ್ಚು ವರ್ಷ.

ಸೇನೆ ಇನ್ನೂ ಗಟ್ಟಿಯಾಗಿದ್ದರೆ ಚೌಕಾಸಿ ಮಾಡಿ, ಕೊಟ್ಟದ್ದಕ್ಕೆಲ್ಲ ಮುಗಿಯುವ ತಾರೀಕು ಬರೆಸಿಕೊಳ್ಳುವುದೇ ದಾರಿ. ಇಂಡೊನೇಷ್ಯಾ ಇದರಲ್ಲಿ ಜಾಣತನ ತೋರಿಸಿತು. ಸರ್ವಾಧಿಕಾರಿ ಸುಹಾರ್ತೊ 1998ರಲ್ಲಿ ಇಳಿದಾಗ ಸಂಸತ್ತಿನಲ್ಲಿ ಸೇನೆ ಮತ್ತು ಪೊಲೀಸರಿಗೆ 75 ಸ್ಥಾನ ಮೀಸಲಿತ್ತು. 1999ರಲ್ಲಿ ಅದು 38 ಆಯಿತು, 2004ರಲ್ಲಿ ಸೊನ್ನೆ. ಹೊಸ ಸಂವಿಧಾನ ಅಂತ ದೊಡ್ಡ ಗಲಾಟೆ ಎಬ್ಬಿಸದೆ ಹಳೆಯದನ್ನೇ 1999ರಿಂದ 2002ರವರೆಗೆ ನಾಲ್ಕು ಕಂತಿನಲ್ಲಿ ತಿದ್ದಿದರು. ಇದರ ಅಪಾಯ ಏನೆಂದರೆ ಕಾಗದದಿಂದ ಹೋದದ್ದು ನೆಲದಿಂದ ಹೋಗುವುದಿಲ್ಲ. ಹಳ್ಳಿಹಳ್ಳಿಗೂ ಚಾಚಿದ್ದ ಸೇನೆಯ ಜಾಲ ಹಾಗೇ ಉಳಿಯಿತು, 2025ರ ಮಾರ್ಚ್‌ನಲ್ಲಿ ಕಾನೂನು ತಿದ್ದಿ ಸೇವೆಯಲ್ಲಿರುವ ಅಧಿಕಾರಿಗಳಿಗೆ ಇನ್ನಷ್ಟು ಸರ್ಕಾರಿ ಇಲಾಖೆಗಳ ಬಾಗಿಲು ತೆರೆದಿದ್ದಾರೆ. ಚಿಲಿಯದೂ ಹೀಗೇ ನಿಧಾನದ ದಾರಿ. 1990ರಲ್ಲಿ ಅಧಿಕಾರ ಬಿಟ್ಟ ಪಿನೊಚೆ 1998ರವರೆಗೆ ಸೇನಾ ಮುಖ್ಯಸ್ಥನಾಗಿಯೇ ಇದ್ದ, ಆಮೇಲೆ ಸೆನೆಟರ್ ಆದ. ಚುನಾವಣೆ ಇಲ್ಲದೆ ಬರುತ್ತಿದ್ದ ಸೆನೆಟರ್‌ಗಳನ್ನು ತೆಗೆಯಲು 2005 ಬರಬೇಕಾಯಿತು.

ಮುಗಿಯುವ ತಾರೀಕು ಇಲ್ಲದ ರಾಜಿ ಹೇಗಿರುತ್ತದೆ ಅಂತ ನೋಡಲು ಮ್ಯಾನ್ಮಾರ್‌ಗೇ ವಾಪಸು ಹೋಗಬೇಕು. ಎರಡೂ ಸದನ ಸೇರಿ 664 ಸ್ಥಾನ. ಅದರಲ್ಲಿ 166 ಸೇನೆಗೆ, ಹಸಿರು ಸಮವಸ್ತ್ರದಲ್ಲೇ ಬಂದು ಸಾಲಾಗಿ ಕೂರುತ್ತಿದ್ದರು. ಉಳಿದದ್ದು 498. ಮುಖ್ಯ ತಿದ್ದುಪಡಿಗೆ ಶೇ 75ಕ್ಕಿಂತ ಜಾಸ್ತಿ ಮತ ಬೇಕು. 664ರ ಶೇ 75 ಎಷ್ಟು? ಸರಿಯಾಗಿ 498. ಅಂದರೆ ಚುನಾಯಿತರು ಒಬ್ಬರೂ ಬಿಡದೆ, ಕಾಯಿಲೆ ಬಿದ್ದವರೂ ಎದ್ದು ಬಂದು ಮತ ಹಾಕಿದರೂ, ಒಬ್ಬ ಸೈನಿಕನ ಒಂದು ಮತ ಬೇಕೇ ಬೇಕು. ಈ ಲೆಕ್ಕ ಮಾಡಿದವನ ತಲೆಗೆ ನಾನು ಒಂದು ರೀತಿಯಲ್ಲಿ ಕೈಮುಗಿಯುತ್ತೇನೆ. ಹಾಗಿದ್ದೂ ಪ್ರಜಾಪ್ರಭುತ್ವ ಹೋರಾಟದ ನಾಯಕಿ ಆಂಗ್ ಸಾನ್ ಸೂ ಕಿ ಅಧ್ಯಕ್ಷೆಯಾಗದಂತೆ ಹಾಕಿದ್ದ ಬೇಲಿಯಲ್ಲಿ ವಕೀಲ ಕೋ ನಿ ಒಂದು ಕಂಡಿ ಹುಡುಕಿ, ಹೊಸ ಹುದ್ದೆಯನ್ನೇ ಸೃಷ್ಟಿಸುವ ದಾರಿ ತೋರಿಸಿದ್ದರು. 2017ರ ಜನವರಿಯಲ್ಲಿ ಯಾಂಗೂನ್ ವಿಮಾನ ನಿಲ್ದಾಣದ ಹೊರಗೆ, ಮೊಮ್ಮಗನನ್ನು ಎತ್ತಿಕೊಂಡು ನಿಂತಿದ್ದಾಗ ಅವರನ್ನು ಗುಂಡಿಟ್ಟು ಕೊಂದರು. 2021ರ ಫೆಬ್ರವರಿ 1ಕ್ಕೆ ಸೇನೆ ಅದೇ ಸಂವಿಧಾನದ ತುರ್ತು ಪರಿಸ್ಥಿತಿಯ ವಿಧಿ ತೋರಿಸಿ ಎಲ್ಲವನ್ನೂ ವಾಪಸು ತೆಗೆದುಕೊಂಡಿತು.

ಅಧಿಕಾರ ಹಂಚಿಕೊಂಡು ಸರದಿಯಲ್ಲಿ ಆಳುವುದು ಇನ್ನೊಂದು ದಾರಿ. ಇದಕ್ಕೆ ನಾನು ಹೆದರುತ್ತೇನೆ. ಸುಡಾನ್‌ನಲ್ಲಿ 2019ರ ಆಗಸ್ಟ್‌ನಲ್ಲಿ ಒಪ್ಪಂದವಾಯಿತು. 11 ಜನರ ಮಂಡಳಿ, ಮೊದಲ 21 ತಿಂಗಳು ಸೇನೆಯವರು ಅಧ್ಯಕ್ಷರು, ಮುಂದಿನ 18 ತಿಂಗಳು ನಾಗರಿಕರು. ಸರದಿ ಬದಲಾಗುವ ಹೊತ್ತು ಹತ್ತಿರ ಬಂತು, 2021ರ ಅಕ್ಟೋಬರ್ 25ಕ್ಕೆ ಕ್ಷಿಪ್ರಕ್ರಾಂತಿ. ಅಲ್ಲಿ ಸೇನೆ ಒಂದೇ ಇರಲಿಲ್ಲ, ಆರ್‌ಎಸ್‌ಎಫ್ ಅನ್ನುವ ಅರೆಸೇನಾಪಡೆಯೂ ಮಂಡಳಿಯಲ್ಲಿ ಕೂತಿತ್ತು. 2023ರ ಏಪ್ರಿಲ್‌ನಲ್ಲಿ ಆ ಎರಡು ಪಡೆಗಳೇ ಖಾರ್ಟೂಮಿನ ಬೀದಿಯಲ್ಲಿ ಹೊಡೆದಾಟಕ್ಕಿಳಿದವು. ಬಂದೂಕಿನ ಗುಂಪು ಎರಡಿದ್ದರೆ ಸಂವಿಧಾನದ ಕರಡಿಗಿಂತ ಮೊದಲು ಅವೆರಡನ್ನು ಒಂದು ಮಾಡುವ ವೇಳಾಪಟ್ಟಿ ಬೇಕು. ಅದನ್ನು ಮುಂದಕ್ಕೆ ಹಾಕಿದವರು ಬೆಂಕಿಯ ಮೇಲೆ ಚಾಪೆ ಹಾಸಿ ಕೂತ ಹಾಗೆ.

ಮುಂದಿನ ಸಲ ಯಾವುದಾದರೂ ದೇಶದಲ್ಲಿ ಜನರಲ್ ಟಿವಿಯಲ್ಲಿ ಬಂದು ಹೊಸ ಸಂವಿಧಾನದ ಮಾತಾಡಿದರೆ, ಕರಡು ಸಮಿತಿಯನ್ನು ಆರಿಸಿದ್ದು ಯಾರು ಅಂತ ಮೊದಲು ನೋಡಿ. ಆಮೇಲೆ ತಾರೀಕನ್ನು ಬದಲಿಸುವ ಅಧಿಕಾರ ಯಾರಿಗಿದೆ ಅಂತ. ಮಂಡಳಿಯವರು ಚುನಾವಣೆಗೆ ನಿಲ್ಲುವ ಹಾಗಿಲ್ಲ ಅನ್ನುವ ಮಾತಿದ್ದರೆ ಅದು ಕೊನೆಯ ಕರಡಿನಲ್ಲೂ ಉಳಿದಿದೆಯಾ ಅಂತ. ಪಶ್ಚಿಮ ಆಫ್ರಿಕಾದ ಗಿನಿಯಲ್ಲಿ ಸೇನೆಯ 2021ರ ಮಧ್ಯಂತರ ಸನ್ನದು ಹಾಗೆ ಖಡಾಖಂಡಿತ ಹೇಳಿತ್ತು, 2025ರ ಸಂವಿಧಾನದಲ್ಲಿ ಆ ಅಡ್ಡಿ ಮಾಯವಾಯಿತು.

ಬರೆದುಕೊಂಡದ್ದು ಶಾಶ್ವತವಾ ಅಂತ ಕೇಳಿದ್ದೀರಿ. ಟರ್ಕಿಯ ಆ ತಾತ್ಕಾಲಿಕ ವಿಧಿ 15 ಇಪ್ಪತ್ತೆಂಟು ವರ್ಷ ಜನರಲ್‌ಗಳನ್ನು ಕಾಯಿತು. 2010ರ ಸೆಪ್ಟೆಂಬರ್ 12ರಂದು, ಕ್ಷಿಪ್ರಕ್ರಾಂತಿಯಾಗಿ ಸರಿಯಾಗಿ ಮೂವತ್ತು ವರ್ಷಕ್ಕೆ, ಜನಮತಗಣನೆಯಲ್ಲಿ ಅದನ್ನು ಕಿತ್ತುಹಾಕಿದರು. ಮರುದಿನವೇ ಜನ ದೂರಿನ ಅರ್ಜಿ ಹಿಡಿದು ಕೋರ್ಟಿಗೆ ಹೋದರು. ಎವ್ರೆನ್ ಆಸ್ಪತ್ರೆಯ ಹಾಸಿಗೆಯಿಂದ ವಿಡಿಯೊ ಮೂಲಕ ಹೇಳಿಕೆ ಕೊಟ್ಟರು. 2014ರಲ್ಲಿ ಜೀವಾವಧಿ ಶಿಕ್ಷೆಯಾಯಿತು. ಮೇಲ್ಮನವಿ ಮುಗಿಯುವ ಮುಂಚೆ, 2015ರ ಮೇ ತಿಂಗಳಲ್ಲಿ, 97ನೇ ವಯಸ್ಸಿನಲ್ಲಿ ತೀರಿಕೊಂಡರು. ಅವರು ಬರೆಸಿದ ಸಂವಿಧಾನ ಮಾತ್ರ, ಎಷ್ಟೋ ಸಲ ತಿದ್ದಿಸಿಕೊಂಡು, ಅಲ್ಲಿ ಇನ್ನೂ ಜಾರಿಯಲ್ಲಿದೆ.